ಗುಹೆಯೊಳಗಿನ ಸೂರ್ಯ

ಹಳೆಯ ಡಬ್ಬಾ ಟಿವಿ ಹಚ್ಚಿದ ಸ್ವಲ್ಪ ಹೊತ್ತಿಗೆ ಧೂಳು ಬೆಚ್ಚಗಾದ ಒಂದು ವಾಸನೆ ಬರುತ್ತದಲ್ಲ, ನಿಮಗೂ ನೆನಪಿರಬೇಕು. ಭೋಜ ಎಂಬ ನಮ್ಮೂರಿನ ಮನೆಯ ಪಡಸಾಲೆಯಲ್ಲಿ ಈಗ ಅದೇ ವಾಸನೆ. ನನ್ನ ಹೆಂಡತಿಯ ಪ್ರಕಾರ ಅದು ವಯರು ಸುಡುವ ವಾಸನೆ. ಊರವರೆಲ್ಲ ಗೋಡೆಗೆ ತೆಳ್ಳನೆಯ ಟಿವಿ ತೂಗುಹಾಕುವ ಕಾಲದಲ್ಲಿ ನಾನು ನಿಪ್ಪಾಣಿಯ ರಿಪೇರಿ ಅಂಗಡಿಯ ಮೂಲೆಯಿಂದ ಇದನ್ನು ಹೊತ್ತು ತಂದದ್ದನ್ನು ಅವಳು ಇನ್ನೂ ಕ್ಷಮಿಸಿಲ್ಲ.

ತಂದದ್ದು ಅಕ್ಕನಿಗಾಗಿ. ಅಥಣಿಗೆ ಮದುವೆಯಾಗಿ ಹೋದ ಅವಳು ನಾಗರಪಂಚಮಿಗೆ ತಪ್ಪದೆ ತವರಿಗೆ ಬರುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಬಂದಿರಲಿಲ್ಲ. ಈ ಸಲ ಫೋನು ಮಾಡಿ ಕರೆದರೆ, "ಅವ್ವ ಇಲ್ಲದ ಮನಿಗೆ ಯಾಕ ಬರ್ಲೋ ತಮ್ಮಾ" ಎಂದಳು. ನಮ್ಮ ಹಳೆಯ ವಿಡಿಯೊ ಗೇಮ್ ಆಡೋಣ ಬಾ ಎಂದುಬಿಟ್ಟೆ. ಮೊಮ್ಮಗಳಿರುವ ಹೆಂಗಸನ್ನು ತವರಿಗೆ ಕರೆಯುವ ರೀತಿ ಇದಲ್ಲ ಎಂಬುದು ನನಗೂ ಗೊತ್ತು. ಆದರೆ ಅವಳು ಬರುತ್ತೇನೆ ಎಂದಳು.

ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಯಂತ್ರ ಎಂದೋ ಹಾಳಾಗಿತ್ತು. ಅದರಂತೆಯೇ ನಟಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಕಂಪ್ಯೂಟರಿಗೆ ಸಿಗುತ್ತದೆ. ಹೊಸ ಪರದೆಯ ಮೇಲೆ ಆಟವೇನೋ ಓಡಿತು, ಆದರೆ ಜಿಗಿಯುವ ನಮ್ಮ ಪುಟ್ಟ ಮನುಷ್ಯ ಇಟ್ಟಂಗಿ ಜೋಡಿಸಿದ ಹಾಗೆ ಕಂಡ. ಆ ಚಿತ್ರಕ್ಕಿರುವುದು ಇನ್ನೂರ ನಲವತ್ತು ಗೆರೆ ಮಾತ್ರ. ಹಿಗ್ಗಿಸದೆ ಕುಗ್ಗಿಸದೆ, ಅದರದ್ದೇ ಅಳತೆಯಲ್ಲಿ ಡಬ್ಬಾ ಟಿವಿಗೆ ಕಳಿಸಬೇಕು. ಇಂದಿನ ಕಂಪ್ಯೂಟರಿಗೆ ಅಷ್ಟು ಸಣ್ಣ ಚಿತ್ರ ಕಳಿಸಲು ಮನಸ್ಸಿಲ್ಲ. ಸೆಟ್ಟಿಂಗು ಬದಲಿಸಿದಂತೆಲ್ಲ ಚಿತ್ರ ಒಮ್ಮೆ ಉರುಳಿತು, ಒಮ್ಮೆ ಓರೆಯಾಗಿ ಹರಿಯಿತು. ಪಂಚಮಿಯ ಹಿಂದಿನ ದಿನ ಗಪ್ಪನೆ ನಿಂತಿತು, ಗೆರೆ ಗೆರೆಯ ನಡುವಿನ ಸಣ್ಣ ಕತ್ತಲೆಯ ಸಮೇತ.

ಅಕ್ಕ ಬಂದಳು. ಶೇಂಗಾ ಉಂಡಿ ಕೈಯಲ್ಲಿ ಹಿಡಿದುಕೊಂಡೇ ನೋಡಿದಳು.

"ಎಲ್ಲಾ ಹಂಗ ಐತಿ. ಸೂರ್ಯ ಎಲ್ಲಿ ಹೋದ?"

ಹೌದಲ್ಲ. ಬಲಮೂಲೆಯಲ್ಲಿ ಕೆಂಪು ಸೂರ್ಯನಿದ್ದ. ಅವನ ಕೆಳಗೆ ಜಿಗಿದರೆ ಕಮರಿಗೆ ಬೀಳುವುದಿಲ್ಲ ಎಂಬುದು ಅಕ್ಕನ ನಂಬಿಕೆ. ಎಷ್ಟು ದೂರ ಓಡಿದರೂ ಜೊತೆಗೇ ಬರುತ್ತಿದ್ದ, ಗುಹೆಯೊಳಗೂ ಬರುತ್ತಿದ್ದ. ನಮಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಅಂಚು ಕತ್ತರಿಸಿಹೋಗಿದೆಯೇ, ಬಣ್ಣ ತಪ್ಪಿದೆಯೇ ಎಂದು ಮಧ್ಯಾಹ್ನವೆಲ್ಲ ಸೆಟ್ಟಿಂಗಿನಲ್ಲಿ ಹುಡುಕಿದೆ. ಸಿಕ್ಕಿದ್ದು ಬರೀ ಆಕಾಶ.

ಸಂಜೆ ದೇವರಿಗೆ ದೀಪ ಹಚ್ಚಿ ಬಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

"ತಮ್ಮಾ, ಆ ಸೂರ್ಯ ಅಂದ್ರ ಅವ್ವ ಹಚ್ಚಿದ ಕುಂಕುಮನೋ."

ದಸರೆಯ ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ನಮ್ಮಲ್ಲಿ ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಕುಂಕುಮ. ನಮ್ಮ ಆಗಿನ ಟಿವಿಯ ಕರಿ ಪೆಟ್ಟಿಗೆಯ ಮೇಲೆ ಕಾಣುವುದಿಲ್ಲವೆಂದು ಅವ್ವ ಒದ್ದೆ ಬೆರಳಿನಿಂದ ಗಾಜಿಗೇ ಹಚ್ಚುತ್ತಿದ್ದಳು, ಒರೆಸಲು ಬಿಡುತ್ತಿರಲಿಲ್ಲ. ಬಾಲ್ಯವೆಲ್ಲ ಅವಳ ಬೆರಳ ಗುರುತಿನ ಕೆಳಗೆ ಜಿಗಿದಿದ್ದೆವು. ಅಕ್ಕ ನಗಲು ಹೋಗಿ ಅತ್ತಳು. ನಾನೂ ಅತ್ತೆ. ಅವ್ವ ಬೇಕೆನಿಸಿತು, ಆ ಗಳಿಗೆಯಲ್ಲೇ ಬೇಕೆನಿಸಿತು.

ಅಕ್ಕ ಕುಂಕುಮದ ಬಟ್ಟಲು ತಂದು, ಬೆರಳನ್ನು ಗಾಜಿನವರೆಗೆ ಒಯ್ದು, ಹಿಂದಕ್ಕೆ ತೆಗೆದಳು. "ಈಗ ಬ್ಯಾಡ. ಖಂಡೇಪೂಜಾಕ್ಕ ಬಂದು ಹಚ್ತೀನಿ" ಎಂದಳು. ಆಮೇಲೆ ಇಬ್ಬರೂ ಆಡಲು ಕೂತೆವು. ಮೊದಲ ಕಮರಿಯಲ್ಲೇ ಬಿದ್ದೆವು.

ಇಂದು ಬೆಳಿಗ್ಗೆ ಅಕ್ಕನನ್ನು ಅಥಣಿಯ ಬಸ್ಸು ಹತ್ತಿಸಿ ಬಂದು ಟಿವಿ ಹಚ್ಚಿಕೊಂಡು ಕೂತಿದ್ದೇನೆ. ಬಲಮೂಲೆ ಖಾಲಿಯಿದೆ. ದಸರೆಯವರೆಗೆ ಖಾಲಿಯೇ ಇರಲಿ, ಅಕ್ಕ ಬರುತ್ತಾಳೆ.