ಮೈನಸ್ ಎಂಬತ್ತು

ಚಿಕ್ಕೋಡಿ ಕಡೆಯ ನಮ್ಮ ಆಸ್ಪತ್ರೆಯ ಲ್ಯಾಬಿಗೆ ಯಂತ್ರ ಆರಿಸುವ ಸಮಿತಿಯಲ್ಲಿ ಮೂವರಿದ್ದೆವು: ಅಥಣಿ ಹತ್ತಿರ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ನಡೆಸುವ ಅಧ್ಯಕ್ಷರು, ಅವರು ಕೆಮ್ಮಿದರೂ ಹೌದೆನ್ನುವ ರಾಯಬಾಗದ ಕಬ್ಬಿನ ಧಣಿಯೊಬ್ಬರು, ಮತ್ತು ಲ್ಯಾಬಿನ ಡಾಕ್ಟರಾದ ನಾನು.

ನನಗೆ ಬೇಕಿದ್ದದ್ದು ಕ್ರಯೋಸ್ಟಾಟ್. ಆಪರೇಷನ್ ನಡೆಯುತ್ತಿರುವಾಗಲೇ ಗಡ್ಡೆಯ ಅಂಚಿನ ತುಣುಕನ್ನು ಹೆಪ್ಪುಗಟ್ಟಿಸಿ, ಒಳಗಿರುವ ಬ್ಲೇಡಿನಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳುವ ಯಂತ್ರ ಅದು. ಸೀಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ ಎಂದು ಅರ್ಧ ಗಂಟೆಯೊಳಗೆ ಸರ್ಜನ್‌ಗೆ ಹೇಳಬಹುದು. ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿ ಬಾಯಿ ಕ್ಯಾನ್ಸರಿಗೇನು ಬರವೇ?

ಅದನ್ನು ಮಾರಲು ಬಂದ ಕಂಪನಿಯವನಿಗೆ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟ ಥಂಡಿ ಮಾಡತೈತ್ರಿ?”

“ಮೈನಸ್ ಇಪ್ಪತ್ತೈದು, ಸರ್.”

“ಬರೇ ಇಪ್ಪತ್ತೈದ?” ಅವರ ಮುಖ ಹುಳಿ ದ್ರಾಕ್ಷಿ ತಿಂದಂತಾಯಿತು.

ಎರಡನೆಯ ಕಂಪನಿಯವನು ಅದೇ ರೇಟಿಗೆ ಮೈನಸ್ ಎಂಬತ್ತರ ಡೀಪ್ ಫ್ರೀಜರ್ ತೋರಿಸಿದ. ಆಳೆತ್ತರದ ಕಪಾಟು. ಅಧ್ಯಕ್ಷರು ಬಾಗಿಲು ತೆಗೆದು, ಎಷ್ಟು ಟ್ರೇ ಹಿಡಿಯುತ್ತವೆ ಎಂದು ಎಣಿಸತೊಡಗಿದರು.

“ಸಾಹೇಬ್ರ, ಇದು ಕೊಯ್ಯಂಗಿಲ್ರಿ,” ಎಂದೆ. “ಬರೇ ಥಂಡಿ ಮಾಡತೈತಿ. ಇದರಾಗ ಬ್ಲೇಡ ಇಲ್ಲ.”

“ಬ್ಲೇಡ ಬ್ಯಾರೆ ತರಸೂಣ್ರಿ ಡಾಕ್ಟ್ರ, ಅದಕ್ಯಾಕ ಚಿಂತಿ? ಥಂಡಿಗೆ ಕಸುವು ಇರಬೇಕು. ನಾವು ಥಂಡಿ ಮ್ಯಾಲ ಹೊಟ್ಟಿ ಹೊರದವ್ರು!”

“ಹೌದ ಹೌದ್ರಿ,” ಎಂದರು ಕಬ್ಬಿನ ಧಣಿ.

ಥಂಡಿ ಅತಿಯಾದರೆ ತುಣುಕು ಬ್ಲೇಡಿಗೆ ಸಿಕ್ಕಿದೊಡನೆ ಪುಡಿಯಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿತ್ತು. ಅಷ್ಟರಲ್ಲಿ ಚಹಾ ಬಂತು, ಬಿಸಿ ಭಜಿ ಬಂತು, ಆಯ್ಕೆ ಪತ್ರವೂ ಬಂತು. ಭಾರಿ ಓದಿದವನೆಂದು ಮೆರೆಯುವ ನಾನು ಭಜಿಯ ಎಣ್ಣೆ ಒರೆಸಿಕೊಂಡು ಸಹಿ ಹಾಕಿದೆ. ಥೂ! ಕುರಿಯಾದರೂ ಒಮ್ಮೆ ಬ್ಯಾ ಎನ್ನುತ್ತಿತ್ತು.

ಫ್ರೀಜರ್ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದರು. ಬೀಗರು ಬಂದಾಗಲೆಲ್ಲ ಅಧ್ಯಕ್ಷರು ಅವರನ್ನು ಲ್ಯಾಬಿಗೆ ಕರೆತಂದು, ಬಾಗಿಲು ತೆಗೆದು ತಣ್ಣನೆಯ ಹೊಗೆ ತೋರಿಸಿ ಬೀಗುತ್ತಿದ್ದರು.

ಎರಡು ತಿಂಗಳಾಗಿರಬೇಕು. ತಂಬಾಕು ಆರಿಸುವ ನಿಪ್ಪಾಣಿಯ ಹೆಂಗಸೊಬ್ಬಳು ನಾಲಿಗೆಯ ಗಡ್ಡೆಗೆ ಆಪರೇಷನ್ ಟೇಬಲ್ ಮೇಲಿದ್ದಳು. ಸರ್ಜನ್ ಒಳಗಿನಿಂದಲೇ ಫೋನ್ ಮಾಡಿಸಿದರು: “ಅಂಚು ಕ್ಲಿಯರ್ ಐತೇನ ನೋಡಿ ಹೇಳ್ತೀರೇನ್ರಿ?”

“ಆಗೂದಿಲ್ರಿ,” ಎಂದೆ.

ಅವರು ಕಣ್ಣಂದಾಜಿನಲ್ಲಿ ಕೊಯ್ದು ಹೊಲಿದರು. ಎಂದಿನಂತೆ ತುಣುಕನ್ನು ಮೇಣದಲ್ಲಿ ಕೂರಿಸಿ ಸೀಳಿ ನೋಡಲು ನನಗೆ ನಾಲ್ಕು ದಿನ ಹಿಡಿಯಿತು. ಅಂಚಿನಲ್ಲಿ ರೋಗ ಉಳಿದಿತ್ತು. ನಾಲಿಗೆಯನ್ನು ಮತ್ತೊಮ್ಮೆ, ಇನ್ನಷ್ಟು ಕೊಯ್ಯಬೇಕಿತ್ತು.

ವರದಿ ಒಯ್ಯಲು ಅವಳ ಗಂಡ ಲ್ಯಾಬಿಗೆ ಬಂದ. “ನಾಲಿಗಿ ಹೊಳ್ಳಾಕತ್ತೈತ್ರಿ, ನಿನ್ನಿ ಮಗಳ ಹೆಸರ ಹಿಡದ ಕರದಳ್ರಿ,” ಎಂದು ಮುಖ ಅರಳಿಸಿದ. ನಾನು ವಿಷಯ ಹೇಳಿದೆ. ಅವನು ಹಾರ ಒಣಗಿ ಜೋತಿದ್ದ ಯಂತ್ರದ ಕಡೆ ನೋಡಿದ.

“ಇಷ್ಟ ದೊಡ್ಡ ಮಷಿನ್ ಐತಲ್ರಿ. ಅವತ್ತ ಇದರಾಗ ನೋಡಾಕ ಬರ್ತಿರಲಿಲ್ಲೇನ್ರಿ?”

“ಇದು ಬರೇ ಥಂಡಿ ಮಾಡತೈತ್ರಿ.”

“ಮತ್ತ ಯಾರ ಆರಿಸಿದ್ರಿ ಇದನ್ನ?”

“ನಾವ ಆರಿಸಿದ್ವಿ,” ಎಂದೆ. “ನಂದೂ ಸಹಿ ಐತಿ.”