ಚೌಡಯ್ಯ ಪಾಲು ಮಾಡಿದ ಗೇಮಿನ ಡಬ್ಬಿ

ಕಿರಂಗೂರಿನ ಚೌಡಯ್ಯನಿಗೆ ಪಾಲು ಮಾಡುವುದೆಂದರೆ ಬಾಡೂಟಕ್ಕಿಂತ ಹೆಚ್ಚು. ಸುತ್ತಮುತ್ತ ಎಲ್ಲಿ ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡರೂ ಇವನಿಗೆ ಕರೆ ಬರುತ್ತಿತ್ತು. ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೋಗಿ ಗದ್ದೆ, ತೆಂಗಿನಮರ, ಕೊಟ್ಟಿಗೆ, ಅಟ್ಟದ ಮೇಲಿನ ಹಂಡೆ ಎಲ್ಲವನ್ನೂ ಹಂಚಿ ಬರುತ್ತಿದ್ದ. ಅವನ ಪದ್ಧತಿ ಒಂದೇ. ದೊಡ್ಡವನು ಎರಡು ಗುಡ್ಡೆ ಹಾಕಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಗುಡ್ಡೆ ಹಾಕುವವನು ಕಿತಾಪತಿ ಮಾಡಿದರೆ ಅದು ಅವನ ತಲೆಗೇ ಬರುತ್ತದೆ. ತಾನು ಮಾಡಿದ ಪಾಲಿನ ಮೇಲೆ ಇದುವರೆಗೆ ಯಾರೂ ಕೋರ್ಟಿಗೆ ಹೋಗಿಲ್ಲವೆಂಬುದು ಚೌಡಯ್ಯನ ಹೆಮ್ಮೆ. ಹೋದವರು ಒಬ್ಬಿಬ್ಬರು ಇದ್ದರು. ಅವರ ಮಾತು ಬಂದಾಗ ಮಾತ್ರ ಅವನಿಗೆ ಕಿವಿ ಮಂದವಾಗುತ್ತಿತ್ತು.

ಇಂಥವನ ಮನೆಯೇ ಹೋದ ಯುಗಾದಿ ಕಳೆದ ಮೇಲೆ ಪಾಲಾಯಿತು. ಬೋರ್‌ವೆಲ್ಲಿನ ಮೋಟರು ಯಾರು ಆಫ್ ಮಾಡಬೇಕಿತ್ತು ಎಂದು ಶುರುವಾದ ಜಗಳ, ದೊಡ್ಡಮಗ ತಿಮ್ಮರಾಜು ಮತ್ತು ಚಿಕ್ಕಮಗ ಕುಮಾರನ ಒಲೆಗಳನ್ನು ಬೇರೆ ಮಾಡಿತು. ಊರವರ ಮಕ್ಕಳಿಗೊಂದು ನ್ಯಾಯ, ತನ್ನ ಮಕ್ಕಳಿಗೊಂದು ನ್ಯಾಯ ಎನ್ನಿಸಿಕೊಳ್ಳಬಾರದೆಂದು ಚೌಡಯ್ಯ ತಾನೇ ನಿಂತು ನಡುಮನೆಗೆ ಅಡ್ಡಗೋಡೆ ಹಾಕಿಸಿದ. ಅಣ್ಣನಿಗೆ ಫ್ರಿಜ್ಜು, ತಮ್ಮನಿಗೆ ಟೀವಿ, ಅಪ್ಪನಿಗೆ ಒಂದೊಂದು ತಿಂಗಳು ಒಂದೊಂದು ಮನೆಯ ಮುದ್ದೆ. ಎಲ್ಲ ಸರಿಹೋಯಿತು, ಒಂದು ಬಿಟ್ಟು. ತಿಮ್ಮರಾಜುವಿನ ಮಗಳು ಚೈತ್ರ, ಕುಮಾರನ ಮಗಳು ಅರ್ಪಿತ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಈಗ ಬೀದಿಯಲ್ಲಿ ಎದುರಾದರೂ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಮುದುಕನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಗೋಡೆ ಕೆಡವೋಣವೆಂದರೆ, ತಾನೇ ಮಾಡಿದ ಪಾಲನ್ನು ತಾನೇ ಕೆಡಿಸಿದನೆಂದು ಊರು ಆಡಿಕೊಳ್ಳುತ್ತದೆ. ಅವನಿಗೆ ಮರ್ಯಾದೆಯೂ ಬೇಕು, ಮೊಮ್ಮಕ್ಕಳೂ ಬೇಕು.

ಹೀಗಿರುವಾಗ ಶ್ರೀರಂಗಪಟ್ಟಣದ ಒಂದು ಅಂಗಡಿಯಿಂದ ಫೋನು ಬಂತು. ಪಾಲಿಗೆ ಮುಂಚೆ ಚೌಡಯ್ಯನ ಹೆಸರಿನಲ್ಲಿ ಟೀವಿ ತಂದಾಗ ಕೊಟ್ಟಿದ್ದ ಕೂಪನ್ನಿಗೆ ಬಹುಮಾನ ಬಂದಿತ್ತು. ಮಿಕ್ಸಿಯೇ ಇರಬೇಕೆಂದು ಚೀಲ ಹಿಡಿದು ಹೋದವನಿಗೆ ಅಂಗಡಿಯ ಹುಡುಗಿ ದಿವ್ಯ ಒಂದು ಚಪ್ಪಟೆ ಡಬ್ಬಿ ಬಿಚ್ಚಿ ತೋರಿಸಿದಳು.

"ಈಗ್ತಾನೆ ಮಾರ್ಕೆಟ್ಟಿಗೆ ಬಂದಿರೋ ಗೇಮು ತಾತ. ಈ ಸ್ಟ್ಯಾಂಡಿಗೆ ಸಿಗಿಸಿದ್ರೆ ಟೀವಿಲಿ ಆಡ್ಬೋದು. ಕಿತ್ಕೊಂಡ್ರೆ ಕೈಲೇ ಆಡ್ಬೋದು. ಬಸ್ಸಲ್ಲೂ ಆಡ್ಕೊಂಡು ಹೋಗ್ಬೋದು."

"ಬಸ್ಸಲ್ಲಿ ನಿಂತ್ಕಳಕ್ಕೇ ಜಾಗ ಇಲ್ಲ ಕಣವ್ವ," ಎಂದ ಚೌಡಯ್ಯ.

ದಿವ್ಯ ಡಬ್ಬಿಯಿಂದ ತೆಗೆದ ಪರದೆಯ ಎರಡು ಬದಿಯ ಹಿಡಿಗಳನ್ನು ಟಕ್ ಟಕ್ಕೆಂದು ಬಿಡಿಸಿ, ಒಂದನ್ನು ಅವನ ಅಂಗೈಯಲ್ಲಿಟ್ಟಳು. ಅದು ನೊಣ ಕೂತ ಎಮ್ಮೆಯ ಚರ್ಮದಂತೆ ಗುರ್ರನೆ ನಡುಗಿತು. ಚೌಡಯ್ಯ ಬೀಳಿಸುವುದರಲ್ಲಿದ್ದ. ಪರದೆಯ ಮೇಲೆ ಬಣ್ಣಬಣ್ಣದ ಕಾರುಗಳು ಓಡುತ್ತಿದ್ದವು, ಅವು ಅವನಿಗೆ ಬೇಕಿರಲಿಲ್ಲ. ಅವನ ಕಣ್ಣು ಬಿದ್ದದ್ದು ಬೇರೆಯದರ ಮೇಲೆ. ಈ ಹಿಡಿ ಬೇರೆ, ಆ ಹಿಡಿ ಬೇರೆ, ಪರದೆ ಬೇರೆ, ಸ್ಟ್ಯಾಂಡು ಬೇರೆ. ಇಷ್ಟು ವರ್ಷದಲ್ಲಿ ಕೊಡಲಿ, ಗರಗಸ ಇಲ್ಲದೆ ಇಷ್ಟು ಸಲೀಸಾಗಿ ಬಿಡಿಬಿಡಿಯಾದ ವಸ್ತುವನ್ನು ಅವನು ಕಂಡಿರಲಿಲ್ಲ.

"ಯಾರೋ ತಿಳಿದೋನೇ ಮಾಡವ್ನೆ ಕಣವ್ವ. ಪಾಲಿಗೆ ಅಂತ್ಲೇ ಮಾಡ್ದಂಗೈತೆ."

"ಅಯ್ಯೋ, ಬೇರೆ ಬೇರೆ ಮಾಡ್ಬೇಡಿ ತಾತ, ಎಲ್ಲಾ ಒಟ್ಟಿಗಿದ್ರೇನೇ..." ಎನ್ನುವಷ್ಟರಲ್ಲಿ ಚೌಡಯ್ಯ ಮೆಟ್ಟಿಲಿಳಿದಿದ್ದ.

ಅಂದೇ ಸಂಜೆ ಜಗಲಿಯ ಮೇಲೆ ಪಾಲು. ಸಾಕ್ಷಿಗೆ ಪಕ್ಕದ ಮನೆಯ ನಂಜಪ್ಪ ಬಂದು ಕೂತ. ತಿಮ್ಮರಾಜು ಹಣೆಗೆ ಗಂಟು ಹಾಕಿಕೊಂಡು ಗುಡ್ಡೆ ಹಾಕಿದ. ಒಂದು ಕಡೆ ಪರದೆ, ಒಂದು ಹಿಡಿ. ಇನ್ನೊಂದು ಕಡೆ ಸ್ಟ್ಯಾಂಡು, ಚಾರ್ಜರು, ವೈರುಗಳು, ಇನ್ನೊಂದು ಹಿಡಿ. ಕುಮಾರ ಎರಡನ್ನೂ ನೋಡಿದ. ಟೀವಿ ಹೇಗೂ ತನ್ನದು, ಗುಡ್ಡೆಯೂ ಎತ್ತರವಾಗಿದೆ ಎಂದು ಸ್ಟ್ಯಾಂಡಿನ ಗುಡ್ಡೆ ಬಾಚಿಕೊಂಡ. ಇಷ್ಟು ಚೊಕ್ಕವಾದ ಪಾಲು ತಾನು ಮಾಡಿಯೇ ಇಲ್ಲವೆಂದು ಚೌಡಯ್ಯ ಎದೆಯುಬ್ಬಿಸಿಕೊಂಡು ಊಟಕ್ಕೆದ್ದ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಪರದೆಯ ಚಾರ್ಜು ಮುಗಿದು ಚೈತ್ರ ಕಪ್ಪು ಗಾಜು ನೋಡುತ್ತ ಕೂತಳು. ಗೋಡೆಯಾಚೆ ಅರ್ಪಿತ ಖಾಲಿ ಸ್ಟ್ಯಾಂಡಿಗೆ ಟೀವಿ ಸಿಗಿಸಿಕೊಂಡು ನೀಲಿ ಬಣ್ಣ ನೋಡುತ್ತ ಕೂತಳು. ಹಾಲಿನ ಡೈರಿಯಲ್ಲಿ ನಂಜಪ್ಪ ಕ್ಯಾನು ಕೆಳಗಿಟ್ಟು ಕೇಳಿದ, "ಏನಣ್ಣೋ, ಎತ್ತು ಒಬ್ಬನ್ಗೆ ಕೊಟ್ಟು, ಮೇವು ಇನ್ನೊಬ್ಬನ್ಗೆ ಕೊಟ್ಬುಟ್ಯಲ್ಲ?" ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು. ಚೌಡಯ್ಯನಿಗೆ ಎಂದಿನಂತೆ ಕಿವಿ ಮಂದವಾಯಿತು, ಆದರೆ ಮುಖ ಕೆಂಪಾಗಿತ್ತು.

ತಿಮ್ಮರಾಜು, ಕುಮಾರ ಇಬ್ಬರೂ ಬಿಗಿದುಕೊಂಡಿದ್ದರಿಂದ ತಿರುಗಾಟ ಮುದುಕನ ಪಾಲಿಗೇ ಬಂತು. ಪರದೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೀದಿ ಬಳಸಿ ಕುಮಾರನ ಮನೆಗೆ ಹೋಗಿ ಸ್ಟ್ಯಾಂಡಿಗೆ ಸಿಗಿಸಿದ. ಟೀವಿ ಝಗ್ಗೆಂದಿತು. ಅಂಗಡಿಯಲ್ಲಿ ಹಾಕಿಟ್ಟಿದ್ದ ಕಾರಿನ ಆಟವೇ ಬಂತು, ಎರಡು ಕಾರು ನಿಂತಿದ್ದವು. ಅರ್ಪಿತ ತನ್ನ ಹಿಡಿಯಿಂದ ಕೆಂಪು ಕಾರು ಬಿಟ್ಟಳು. ಸ್ವಲ್ಪ ಹೊತ್ತಿಗೆ ಹಸಿರು ಕಾರೂ ತಾನಾಗೇ ಹೊರಟು, ಸೀದಾ ಹೋಗಿ ಬಂಡೆಗೆ ಗುದ್ದಿತು.

ಕುಮಾರನ ಹೆಂಡತಿ ಪವಿತ್ರ ಎದೆ ಮೇಲೆ ಕೈಯಿಟ್ಟುಕೊಂಡಳು. "ಮಾವ, ಯಾರೂ ಮುಟ್ದೆ ಓಡ್ತಾ ಐತಲ್ಲ. ನಿಂಬೆಹಣ್ಣು ತರ್ಲಾ?"

ಅಷ್ಟರಲ್ಲಿ ಗೋಡೆಯಾಚೆಯಿಂದ ಚೈತ್ರಳ ದನಿ ಕೇಳಿತು. "ಅಮ್ಮ, ಸುಮ್ನೆ ಒತ್ತುದ್ರೆ ನನ್ ಕೈಲಿರೋ ಹಿಡಿ ಗುರ್ ಅಂತು."

ಅರ್ಪಿತ ತಟ್ಟನೆ ತಿರುಗಿ ಗೋಡೆಯ ಹತ್ತಿರ ಹೋದಳು. "ಚೈತ್ರಕ್ಕ, ಹಸ್ರು ಕಾರು ನಿಂದೇ. ಬಂಡೆಗ್ ಗುದ್ದೈತೆ. ಎಡಕ್ಕೆ ತಿರುಗ್ಸು."

"ಕಾಣಾಕಿಲ್ವಲ್ಲೇ. ಈಗ?"

"ಈಗ ಕೆರೆಗ್ ಬಿದ್ದೆ."

ಆಚೆ ನಗು, ಈಚೆ ನಗು. ಯುಗಾದಿಯಿಂದೀಚೆಗೆ ಆ ಎರಡು ನಗುವನ್ನು ಒಟ್ಟಿಗೆ ಕೇಳಿರದ ಚೌಡಯ್ಯನಿಗೆ ಕಣ್ಣು ತುಂಬಿ ಬಂತು. ಸೊಸೆ ನೋಡಿಯಾಳೆಂದು ಟವೆಲ್ಲಿನಿಂದ ಪರದೆ ಒರೆಸುವವನಂತೆ ಮುಖ ಒರೆಸಿಕೊಂಡ.

ಮರುದಿನ ಬೆಳಿಗ್ಗೆ ಗಂಡುಮಕ್ಕಳಿಬ್ಬರನ್ನೂ ಜಗಲಿಗೆ ಕರೆದ. "ನೋಡ್ರುಲಾ, ಒಳಗಿನ ಗದ್ದೆಗೆ ನೀರ್ ಹೋಗಕ್ಕೆ ಕಾಲುವೆ ಬುಡ್ದೆ ನಾನು ಯಾವತ್ತಾದ್ರೂ ಪಾಲ್ ಮಾಡಿದ್ದೀನಾ?"

"ಇಲ್ಲ," ಎಂದರು ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ.

"ಅಣ್ಣನ್ ಪರದೆಗೆ ತಮ್ಮನ್ ಕರೆಂಟು ಬೇಕು. ವೈರಿಗೆ ಗೋಡೇಲಿ ಒಂದು ತೂತು ಬುಡ್ಬೇಕು. ಇದು ಪಾಲ್ ಕೆಡ್ಸೋದಲ್ಲ ಕಣ್ಲಾ, ಪಾಲಿನ ಕಾನೂನು."

ಕಾನೂನು ಎಂದ ಮೇಲೆ ಇಬ್ಬರೂ ತಲೆಯಾಡಿಸಿ ಗದ್ದೆಗೆ ಹೋದರು. ಚೌಡಯ್ಯ ಹಾರೆ ತೆಗೆದುಕೊಂಡ. ಮಧ್ಯಾಹ್ನ ಊಟಕ್ಕೆ ಬಂದವರು ನೋಡಿದರೆ ನಡುಮನೆಯ ತುಂಬ ಧೂಳು. ಮುದುಕ ಆಳೆತ್ತರಕ್ಕೆ ಇಟ್ಟಿಗೆ ಕಿತ್ತಿದ್ದ. ಮೊಮ್ಮಕ್ಕಳಿಬ್ಬರೂ ಅದರಲ್ಲೇ ಹೋಗಿ ಬಂದು ಮಾಡುತ್ತಿದ್ದರು.

"ಏನಪ್ಪೋ ಇದು, ಒಂದ್ ವೈರಿಗೆ ಇಷ್ಟಗಲ ತೂತಾ?" ಎಂದ ಕುಮಾರ.

ಚೌಡಯ್ಯ ಹಾರೆಗೆ ಒರಗಿ ಉಸಿರು ತೆಗೆದುಕೊಂಡ. "ನೀರ್ಗೆ ಕಾಲುವೆ ಬುಟ್ಮೇಲೆ ಆಳು ಓಡಾಡಕ್ಕೆ ದಾರಿ ಬುಡ್ದೆ ಇರ್ತಾರೇನ್ಲಾ?"

ಗೋಡೆಯ ಆಚೆ ತಿಮ್ಮರಾಜು, ಈಚೆ ಕುಮಾರ. ಇಬ್ಬರೂ ಅಪ್ಪನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ತಿಮ್ಮರಾಜು ಬಗ್ಗಿ ಇಟ್ಟಿಗೆ ಎತ್ತಿಕೊಡತೊಡಗಿದ, ಕುಮಾರ ಒಂದೊಂದಾಗಿ ಇಸಿದುಕೊಂಡು ಹೊರಗೆ ಹಾಕಿದ.