ಐದು ಮನೆಯ ಕೌದಿ

ಶಹಾಪುರದಲ್ಲಿ ನಾವಿದ್ದ ಓಣಿಯಲ್ಲಿ ಹಳೆಯ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಹೆಂಗಸರ ಗುಂಪೊಂದಿತ್ತು. ಕಾಲುವೆಯ ಆಚೆ, ನನ್ನ ಚಿಗವ್ವನ ಕೇರಿಯಲ್ಲಿ ಇನ್ನೊಂದಿತ್ತು. ಯಾವುದಕ್ಕೆ ಸೇರಬೇಕೆಂದು ನಾನು ಎಂಟು ದಿನ ತಲೆ ಕೆಡಿಸಿಕೊಂಡೆ. ಕೇಳಿದವರಿಗೆ ನಗು ಬರಬಹುದು. ನನಗೆ ಇಷ್ಟು ವರ್ಷವಾದರೂ ಬಂದಿಲ್ಲ.

ಮಗಳು ಚೊಚ್ಚಲ ಬಸುರಿ. ರಂಗಂಪೇಟೆಯ ಗಂಡನ ಮನೆಯಿಂದ ಹೆರಿಗೆಗೆಂದು ನಮ್ಮಲ್ಲಿಗೆ ಬಂದಿದ್ದಳು. ನನ್ನ ಅವ್ವ ಹಿಂದಿನ ವರ್ಷವಷ್ಟೇ ನನ್ನ ತವರೂರು ಮುದನಾಳದಲ್ಲಿ ತೀರಿಕೊಂಡಿದ್ದಳು. ಅವಳ ಟ್ರಂಕಿನಲ್ಲಿ ಐದು ಸೀರೆ ಉಳಿದಿದ್ದವು. ಹತ್ತಿ ಹೊಲದಲ್ಲಿ ಕಳೆ ತೆಗೆಯುವಾಗ ಉಡುತ್ತಿದ್ದ ಹಸಿರು ಸೀರೆ, ನೀಲಿ ಚೌಕಡಿಯದೊಂದು, ನನ್ನ ಮೊದಲ ಪಗಾರದಲ್ಲಿ ಕೊಡಿಸಿದ ಕೆಂಪು ಇಳಕಲ್ಲು, ಹುಣ್ಣಿಮೆಯ ದಿನ ಬುದ್ಧವಿಹಾರಕ್ಕೆ ಉಟ್ಟು ಹೋಗುತ್ತಿದ್ದ ಬಿಳಿ ಸೀರೆ, ಮತ್ತೆ ಒಗೆದು ಒಗೆದು ಬಣ್ಣವೇ ಗೊತ್ತಾಗದಂತಾದ ಇನ್ನೊಂದು. ಹುಟ್ಟುವ ಕೂಸು ಆ ಸೀರೆಗಳ ಮೇಲೆ ಮಲಗಬೇಕು, ಇದು ನಿನ್ನ ಮುತ್ತಜ್ಜಿಯದು ಎಂದು ನಾನು ಒಂದೊಂದೇ ತುಂಡು ತೋರಿಸಬೇಕು ಎಂಬುದು ನನ್ನ ಆಸೆಯಾಗಿತ್ತು. ಬೇರೆ ಆಸೆ ಏನೂ ಇರಲಿಲ್ಲ.

ಆದರೆ ನನಗೆ ಹೊಲಿಗೆ ಬರದು. ನನ್ನನ್ನು ಓದಿಸುವ ಹಟದಲ್ಲಿ ಅವ್ವ ನನ್ನ ಕೈಗೆ ಸೂಜಿಯನ್ನೇ ಕೊಟ್ಟಿರಲಿಲ್ಲ. ನಾನು ಶಾಲೆಯ ಟೀಚರಾದೆ, ಅಂಗಿಯ ಗುಂಡಿ ಹಚ್ಚಲಿಕ್ಕೂ ಪರದಾಡುವ ಟೀಚರು. ಅಲ್ಲದೆ ನಮ್ಮ ಕಡೆ ಕೂಸಿನ ಕೌದಿಯನ್ನು ಒಬ್ಬರೇ ಕೂತು ಹೊಲಿಯುವುದಿಲ್ಲ. ಅದರಲ್ಲಿ ಐದು ಮನೆಯ ಹಳೆಯ ಅರಿವೆ ಸೇರಬೇಕು, ತಮ್ಮದೊಂದು, ಮಂದಿಯವು ನಾಲ್ಕು. ಅಷ್ಟು ಮನೆಯವರು ಕೂಸನ್ನು ತಮ್ಮದೆಂದುಕೊಂಡರು ಎಂದು ಅದರ ಅರ್ಥ.

ಕೇರಿಯ ಗುಂಪಿಗೆ ಬಿಡುವು ಸಿಗುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ. ಕಾಲುವೆ ಬಂದ ಮೇಲೆ ವರ್ಷಕ್ಕೆ ಎರಡು ಭತ್ತ. ನಾಟಿ, ಕಳೆ, ಕೊಯ್ಲು ಎಂದು ಅಲ್ಲಿನ ಹೆಂಗಸರು ಸದಾ ಮಂದಿಯ ಗದ್ದೆಯಲ್ಲೇ ಇರುತ್ತಿದ್ದರು. ಚಿಗವ್ವ, ಎಂದರೆ ನನ್ನ ಅವ್ವನ ತಂಗಿ, ಮನೆಗೇ ಬಂದು ಕರೆದಳು.

"ಕಾಲುವಿ ನೀರು ಬಂದ್ ಮಾಡ್ಯಾರ. ಇನ್ನೊಂದು ತಿಂಗಳು ಪುರಸತ್ತು ಅದ. ಅಕ್ಕನ ಸೀರಿ ತಗೊಂಡು ಬಾ. ಐದು ಮನಿ ಏನು, ಹತ್ತು ಮನಿ ಅರಿವಿ ಹಾಕಿ ಹೊಲೀತೀವಿ."

ನೋಡೋಣ ಎಂದೆ. ಎಲೆ ತಂಬಾಕು ಹಾಕಿಕೊಂಡು ಗಟ್ಟಿಯಾಗಿ ನಗುವ ಆ ಹೆಂಗಸರ ನಡುವೆ ನಾನು ಕೂತದ್ದನ್ನು ನನ್ನ ಶಾಲೆಯ ಮಕ್ಕಳ ತಾಯಂದಿರು ನೋಡಿದರೆ ಹೇಗೆ ಎಂಬ ಯೋಚನೆ ನನಗೆ ಬಂತು. ನಾನು ಹುಟ್ಟಿ ಬೆಳೆದದ್ದೂ ಅಂಥದೇ ಕೇರಿಯಲ್ಲಿ. ಆ ಯೋಚನೆ ಬಂದದ್ದಕ್ಕೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕಿತ್ತು, ಬಾರಿಸಿಕೊಳ್ಳಲಿಲ್ಲ.

ಓಣಿಯ ಗುಂಪು ದಿನಾ ಮಧ್ಯಾಹ್ನ ದೊಡ್ಡಮನೆಯ ಪಡಸಾಲೆಯಲ್ಲಿ ಕೂಡುತ್ತಿತ್ತು. ಎಲ್ಲರೂ ಮೇಲ್ಜಾತಿಯವರು, ಕಾಲುವೆ ನೀರಿನ ಹೊಲವಿದ್ದವರು. ಆ ಮನೆಯ ಹಿರಿಯಾಕೆಯನ್ನು ಎಲ್ಲರೂ ಅವ್ವಾರು ಎನ್ನುತ್ತಿದ್ದರು. ಅವರೇ ಒಂದು ದಿನ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಟೀಚರ್, ನೀವೂ ಬರ್ರಿ. ನಿಮ್ಮಂಥಾ ಓದಿದೋರು ನಮ್ಮ ಜೋಡಿ ಕುಂತ್ರ ನಮಗೂ ಚಲೋ ಅನಸ್ತದ" ಎಂದರು. ನಾನು ಹಿಗ್ಗಿಹೋದೆ. ಚಿಗವ್ವನಿಗೆ ಶಾಲೆಯ ಹೊತ್ತಿನ ನೆಪ ಹೇಳಿದೆ. ಬೇಸಿಗೆ ರಜೆಯಲ್ಲಿ ಎಂಥ ಶಾಲೆ ಎಂದು ಅವಳು ಕೇಳಲಿಲ್ಲ.

ಮೊದಲ ದಿನ ಎಲ್ಲರ ಗಂಟು ಬಿಚ್ಚಿ ಅರಿವೆ ಒಟ್ಟು ಮಾಡುವ ಕೆಲಸ. ಎಲ್ಲವೂ ಒಂದೇ ರಾಶಿಗೆ ಬೀಳುತ್ತಿದ್ದವು, ಯಾರ ಕೌದಿಗಾದರೂ ತುಂಡು ಆ ರಾಶಿಯಿಂದಲೇ. ನನ್ನ ಗಂಟಿನ ಸರದಿ ಬಂದಾಗ ಅವ್ವಾರು ಅದನ್ನು ಬಿಚ್ಚಲಿಲ್ಲ.

"ತಾಯಿ ಸೀರಿ ಅಂತೀರಿ. ಮಂದಿ ಅರಿವಿಯೊಳಗ ಯಾಕ ಕೂಡಸೂದು? ಪೂರಾ ನಿಮ್ಮ ಕೌದಿಗೇ ಇರಲಿ ಬಿಡ್ರಿ."

ಎಷ್ಟು ಸೂಕ್ಷ್ಮ ಮನಸ್ಸು ಎಂದು ನನ್ನ ಕಣ್ಣು ತುಂಬಿ ಬಂತು. ಆ ವಾರ ಸಂತೆಯಲ್ಲಿ ಸಿಕ್ಕ ಚಿಗವ್ವನಿಗೆ ಅದನ್ನು ಹೆಮ್ಮೆಯಿಂದ ಹೇಳಿದೆ ಬೇರೆ.

"ಹಂಗಾ? ಮತ್ತ ಕೂಸಿಗೆ ಐದು ಮನಿ ಅರಿವಿ?" ಎಂದಳು.

"ಕೊಡ್ತಾರ ಬಿಡು. ದೊಡ್ಡ ಮಂದಿ."

"ಚಲೋ ಆತು," ಎಂದು ಅವಳು ಬದನೆಕಾಯಿ ಚೌಕಾಸಿಗೆ ತಿರುಗಿದಳು.

ಮೂರು ವಾರ ನಾನು ಅವರ ಕೌದಿಗಳನ್ನು ಹೊಲಿದೆ. ಬೆರಳಿಗೆಲ್ಲ ಸೂಜಿ ಚುಚ್ಚಿಸಿಕೊಂಡು ಕಲಿತೆ. ಹೊಲಿಯುತ್ತ ಅವರವರ ತುಂಡು ಗುರುತಿಸಿ ಚೇಷ್ಟೆ ಮಾಡುವುದು ಅಲ್ಲಿನ ಮೋಜು. ಇದು ನಿನ್ನ ನಿಶ್ಚಿತಾರ್ಥದ ಸೀರೆ, ಆಗ ಎಷ್ಟು ತೆಳ್ಳಗಿದ್ದಿ ಎಂದು ಒಬ್ಬಳು, ನಿನ್ನ ಗಂಡ ಕೊಡಿಸಿದ್ದು ಇದೊಂದೇ ಎಂದು ಇನ್ನೊಬ್ಬಳು. ನಾನೂ ನಗುತ್ತಿದ್ದೆ. ಗುರುತಿಸಿ ನಗಲು ನನ್ನ ತುಂಡು ಯಾವ ಕೌದಿಯಲ್ಲೂ ಇಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಕೊನೆಗೆ ನನ್ನ ಕೌದಿ ಹಾಸಿದರು. ಅವ್ವನ ಐದು ಸೀರೆಯ ತುಂಡುಗಳು ಮಾತ್ರ. ಎರಡು ದಿನ ಕಾದು, ಮೂರನೆಯ ದಿನ ನಾಚಿಕೆ ಬಿಟ್ಟು ಕೇಳಿದೆ.

"ಅವ್ವಾರ, ಕೂಸಿನ ಕೌದಿ ಅಲ್ರೀ. ಒಂದೊಂದು ಗೇಣು ಅರಿವಿ ಕೊಟ್ರ ಐದು ಮನಿ ಆಗ್ತಿತ್ತು."

ಯಾರೂ ತಲೆ ಎತ್ತಲಿಲ್ಲ. ಮೂಲೆಮನೆಯ ಸೊಸೆ, ಇನ್ನೂ ಸಣ್ಣ ವಯಸ್ಸಿನ ಹುಡುಗಿ, ತನ್ನ ಚೀಲದಿಂದ ಒಂದು ಹಳದಿ ತುಂಡು ತೆಗೆದು ನನ್ನ ಕೌದಿಯ ಮೂಲೆಗೆ ಇಟ್ಟಳು. ಅವ್ವಾರು ಅದನ್ನು ಎತ್ತಿ ಅವಳ ತೊಡೆಯ ಮೇಲೆ ಹಾಕಿದರು.

"ಮದಿವಿ ಸೀರಿ ಸೆರಗು ಅದು. ಎಲ್ಲಿಗೆ ಹೋಗ್ತದ, ಯಾರ ಕೂಸಿನ ಬುಡಕ ಬೀಳ್ತದ, ಒಂದೀಟು ವಿಚಾರ ಬ್ಯಾಡೇನು?" ಎಂದರು. ದನಿಯನ್ನೂ ತಗ್ಗಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ತಿಳ್ಕೋಬ್ಯಾಡ್ರಿ ಟೀಚರ್. ನಿಮಗ ಅಂದಿದ್ದಲ್ಲ. ನೀವು ಬ್ಯಾರೆ" ಎಂದರು.

"ಇಲ್ರಿ ಅವ್ವಾರ, ಏನಿಲ್ರಿ," ಎಂದೆ ನಾನು.

ಅವರ ಮಾತಿಗಿಂತ ನನ್ನ ಆ "ಏನಿಲ್ರಿ" ನನಗೆ ಇಂದಿಗೂ ಹೆಚ್ಚು ಹೇಸಿಗೆ ಹುಟ್ಟಿಸುತ್ತದೆ. ನನ್ನ ಕೈ ಅವರಿಗೆ ಆಗುತ್ತಿತ್ತು, ನನ್ನ ಅವ್ವ ಉಟ್ಟ ಅರಿವೆ ಆಗುತ್ತಿರಲಿಲ್ಲ. ಅದನ್ನು ಪ್ರೀತಿ ಎಂದುಕೊಂಡು ನಾನು ಅತ್ತಿದ್ದೆ. ಸಾಯಂಕಾಲದವರೆಗೆ ಅಲ್ಲಿಯೇ ಕೂತು ಹೊಲಿದು, ಮಗಳ ದಿನ ತುಂಬಿವೆ ಎಂದು ಸುಳ್ಳು ಹೇಳಿ, ಅರ್ಧ ಹೊಲಿದ ಕೌದಿ ಸುತ್ತಿಕೊಂಡು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲೂ ಇಲ್ಲ.

ಕೆಲವು ದಿನ ಬಿಟ್ಟು ಅದನ್ನೇ ಬಗಲಲ್ಲಿಟ್ಟುಕೊಂಡು ಕಾಲುವೆಯ ಸೇತುವೆಯವರೆಗೆ ಹೋದೆ. ಅಷ್ಟರಲ್ಲಿ ನೀರು ಬಿಟ್ಟಾಗಿತ್ತು. ಕೆಳಗಿನ ಗದ್ದೆಯಲ್ಲಿ ಕೇರಿಯ ಹೆಂಗಸರು ಸಸಿ ಮಡಿಗೆ ಇಳಿದಿದ್ದರು, ಅವರಲ್ಲಿ ಚಿಗವ್ವನೂ ಇದ್ದಳು. ನಾನು ಒಂದು ಕೂಗು ಹಾಕಿದ್ದರೆ ಮೇಲೆ ಬರುತ್ತಿದ್ದಳು. ಬಂದರೆ ನಡೆದದ್ದನ್ನು ಹೇಳಬೇಕಿತ್ತು. ನಾನು ತಿರುಗಿ ಬಂದೆ. ಉಳಿದದ್ದನ್ನು ಬಾಗಿಲು ಹಾಕಿಕೊಂಡು ಒಬ್ಬಳೇ ಹೊಲಿದು ಮುಗಿಸಿದೆ.

ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಮೂರನೆಯ ತಿಂಗಳಲ್ಲಿ ತೊಟ್ಟಿಲು, ಕೌದಿ ಸಮೇತ ಬಾಣಂತಿಯನ್ನು ರಂಗಂಪೇಟೆಗೆ ಕಳಿಸಲು ಹೋದೆವು. ಅವ್ವನ ಜಾಗದಲ್ಲಿ ಚಿಗವ್ವ ಬಂದಳು. ತವರಿನಿಂದ ಬಂದದ್ದನ್ನೆಲ್ಲ ನೆಂಟರ ಮುಂದೆ ಬಿಚ್ಚಿ ನೋಡುವುದು ಪದ್ಧತಿ. ಬೀಗತಿ, ಎಂದರೆ ಮಗಳ ಅತ್ತೆ, ಕೌದಿ ಹಾಸಿದಳು.

"ಐದು ಮನಿ ಅರಿವಿ ಹಾಕೀರಿಲ್ರೀ ಬೀಗ್ತಿ?"

"ಹಾಕೇವ್ರಿ. ನಮ್ಮ ಓಣಿಯವರೆಲ್ಲ ಕೊಟ್ಟಾರ," ಎಂದುಬಿಟ್ಟೆ. ನಮ್ಮದು ದೊಡ್ಡ ಮಂದಿಯ ಓಣಿ, ನನಗೆ ಬಹಳ ಮರ್ಯಾದೆ ಕೊಡುತ್ತಾರೆ ಎಂದು ಮದುವೆಯ ಮಾತುಕತೆಯಲ್ಲೇ ಕೊಚ್ಚಿಕೊಂಡವಳು ನಾನು.

"ಹೌದೇನ್ರಿ! ಯಾವುದು ಯಾರದು, ಹೇಳ್ರಿ ಮತ್ತ."

ನಾನು ಬಗ್ಗಿ ಕೌದಿಯ ಅಂಚು ಸರಿಮಾಡತೊಡಗಿದೆ. ಆಗ ಚಿಗವ್ವ ಮುಂದೆ ಸರಿದು ಕೌದಿಯ ಮೇಲೆ ಕೈಯಿಟ್ಟಳು. ಆ ಐದೂ ಸೀರೆ ಅವಳು ಕಂಡವು, ಕೆಲವನ್ನು ಅಕ್ಕನಿಂದ ಇಸಿದುಕೊಂಡು ತಾನೂ ಉಟ್ಟವಳು. ನನ್ನ ಸೊಟ್ಟ ಹೊಲಿಗೆಯ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತಿತು. ನನ್ನ ಕಡೆ ನೋಡಲಿಲ್ಲ.

ವಿಹಾರದ ಬಿಳಿ ತುಂಡು ಮುಟ್ಟಿ, "ಇದು ದೊಡ್ಡಮನಿ ಅವ್ವಾರದು," ಎಂದಳು. ಕಳೆ ತೆಗೆಯುವ ಹಸಿರು ಸೀರೆ ಮುಟ್ಟಿ, "ಇದು ಅವರ ಬಾಜೂ ಮನೀದು." ನೀಲಿ ಚೌಕಡಿ ಇನ್ನೊಂದು ಮನೆಗೆ ಹೋಯಿತು. ನನ್ನ ಮೊದಲ ಪಗಾರದ ಇಳಕಲ್ಲು ಸವರಿ, "ಇದು ಮೂಲಿಮನಿ ಸೊಸೀದು. ಹೊಸಾದೇ ಕೊಟ್ಟಾಳ ನೋಡ್ರಿ," ಎಂದಳು. ಬಣ್ಣ ಹೋದದ್ದು ಒಂದು ಉಳಿದಿತ್ತು. "ಇದೊಂದು ನಮ್ಮಕ್ಕಂದು."

ಆ ಮನೆಗಳ ಗದ್ದೆಯಲ್ಲೇ ಅವಳು ನಾಟಿ ಮಾಡುತ್ತಿದ್ದಳು. ಯಾವ ಮನೆಯವರು ಏನು ಕೊಡುತ್ತಾರೆ, ಏನು ಕೊಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬೀಗತಿ ಖುಷಿಯಿಂದ ತಲೆ ಆಡಿಸಿದಳು. ನಾನೂ ಆಡಿಸಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಚಿಗವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೈಯಲಿ ಎಂದು ದಾರಿಯುದ್ದಕ್ಕೂ ಕಾದೆ. ಅವಳು ಬೈಯಲಿಲ್ಲ. ಮರುವರ್ಷ ಕಾಲುವೆಯ ನೀರು ನಿಂತಾಗ ಕರೆಯಲಿಕ್ಕೂ ಬರಲಿಲ್ಲ.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಬೀಗತಿ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿದ್ದಾಳೆ. ನಾನು ಹೋದಾಗಲೆಲ್ಲ ಕೌದಿ ಹಾಸಿ, ಬೆರಳಿಟ್ಟು, ಬಿಳಿದು ದೊಡ್ಡಮನಿಯವರದು, ಕೆಂಪು ಮೂಲಿಮನಿಯವರದು ಎಂದು ಒಂದೂ ತಪ್ಪದೆ ಒಪ್ಪಿಸುತ್ತಾಳೆ. ಎಲ್ಲ ಮುಗಿದ ಮೇಲೆ, ಬಣ್ಣ ಹೋದ ಕೊನೆಯ ತುಂಡು ಮುಟ್ಟಿ, "ಆಯಿ, ನಿಮ್ಮವ್ವ ಭಾಳ ಬಡವಿ ಇದ್ದಳೇನು? ಚಲೋ ಸೀರಿ ಒಂದೂ ಇದ್ದಿಲ್ಲೇನು?" ಎಂದು ಕೇಳುತ್ತಾಳೆ.

ಹೌದವ್ವ, ಇದ್ದಿಲ್ಲ ಎನ್ನುತ್ತೇನೆ.